ಕೆಂಡಣ್ಣನ ಬಲಗಾಲು

ಕೆಂಡಣ್ಣನಿಗೆ ಸಿಟ್ಟು ಬರುತ್ತದೆ ಅನ್ನುವುದು ತಪ್ಪು ಮಾತು. ಬರಬೇಕಾದರೆ ಅದು ಒಮ್ಮೆಯಾದರೂ ಹೋಗಿರಬೇಕಲ್ಲ. ಬೆಳಿಗ್ಗೆ ಲ್ಯಾಬಿನ ಬೀಗ ತೆಗೆಯುವಾಗ ಬೀಗದ ಮೇಲೆ ಸಿಟ್ಟು. ಒಳಗೆ ಕಾಲಿಟ್ಟರೆ ಸ್ಕ್ರೂಡ್ರೈವರಿನಲ್ಲಿ ಚಹಾ ಕಲಕಿ ಅಲ್ಲೇ ಬಿಟ್ಟುಹೋದ ಪಿಎಚ್‌ಡಿ ಹುಡುಗರ ಮೇಲೆ ಸಿಟ್ಟು. ಹತ್ತು ಗಂಟೆಗೆ ಆಫೀಸಿನಿಂದ ಬರುವ ಸುತ್ತೋಲೆಯ ಮೇಲೆ, ಅದಕ್ಕೆ ಹೊಡೆದ ಸೀಲಿನ ಮೇಲೆ, ಆ ಸೀಲು ವಾರೆಯಾಗಿರುವುದರ ಮೇಲೆ ಸಿಟ್ಟು. ಹಾಜರಿ ಪುಸ್ತಕದಲ್ಲಿ ಅವನಿಗೊಂದು ಹೆಸರಿತ್ತು. ಆದರೆ ಹುಡುಗರು ಎದುರಿಗೆ ಅಣ್ಣ ಎಂದೂ ಬೆನ್ನ ಹಿಂದೆ ಕೆಂಡ ಎಂದೂ ಕರೆದು ಕರೆದು ಎರಡೂ ಬೆಸೆದುಕೊಂಡು, ಕೊನೆಗೆ ಅವನ ಹೆಂಡತಿಯೇ ಲ್ಯಾಬಿಗೆ ಫೋನು ಮಾಡಿ "ಕೆಂಡಣ್ಣ ಇದಾರಾ?" ಎಂದು ಕೇಳುವ ಹಾಗಾಗಿತ್ತು.

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹದಿನೆಂಟು ವರ್ಷದ ಹಿಂದೆ ಒಡೆದ ಕಿಟಕಿಗೆ ಗಾಜು ಕೂರಿಸಲು ಆ ಲ್ಯಾಬಿಗೆ ಬಂದಿದ್ದ. ಕೂರಿಸಿ ಕೆಳಗಿಳಿಯುವಾಗ ನಾಲ್ಕು ಜನ ಓದಿದವರು ಒಂದು ಯಂತ್ರವನ್ನು ಸುತ್ತುವರಿದು, ಪುಸ್ತಕ ನೋಡಿಕೊಂಡು ಅದರ ನಟ್ಟು ಬಿಚ್ಚುತ್ತಿದ್ದುದು ಕಣ್ಣಿಗೆ ಬಿತ್ತು. ಐದು ನಿಮಿಷ ತಡೆದುಕೊಂಡ. ಆರನೆಯ ನಿಮಿಷಕ್ಕೆ, "ಅದು ಉಲ್ಟಾ ತಿರುಪು ಕಣ್ರೀ. ಹಿಂಗೇ ತಿರುಗಿಸ್ತಾ ಇದ್ರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬಿಚ್ಚಲ್ಲ" ಎಂದು ಸ್ಪ್ಯಾನರ್ ಕಿತ್ತುಕೊಂಡು ಬಿಚ್ಚಿ ಕೈಗಿಟ್ಟ. ಅದನ್ನು ನೋಡಿದ ಡಾಕ್ಟರಮ್ಮ, ನಾಳೆಯೂ ಬರುತ್ತೀರಾ ಎಂದು ಕೇಳಿದರು. ಆ ನಾಳೆ ಇನ್ನೂ ಮುಗಿದಿರಲಿಲ್ಲ.

ಡಾಕ್ಟರಮ್ಮ ಎಂದರೆ ಕಾಯಿಲೆಯ ಡಾಕ್ಟರಲ್ಲ, ರಸಾಯನಶಾಸ್ತ್ರದವರು. ಅಕ್ಕಪಕ್ಕದ ಮನೆಯವರು ಮೊದಮೊದಲು ಕೆಮ್ಮು, ನೆಗಡಿ ಎಂದು ಬಾಗಿಲು ತಟ್ಟಿ, ನಾನು ನೀರಿನ ಮೇಲ್ಮೈಯಲ್ಲಿ ಅಣುಗಳು ಹೇಗೆ ನಿಲ್ಲುತ್ತವೆ ಎಂದು ನೋಡುವವಳು ಎಂಬ ಉತ್ತರ ಕೇಳಿ, ಕೆಮ್ಮು ತಾನಾಗಿಯೇ ನಿಂತು ವಾಪಸಾಗಿದ್ದರು. ಮೂವತ್ತೊಂದು ವರ್ಷದಿಂದ ಅವರು ನೋಡುತ್ತಿದ್ದುದು ಅದೊಂದನ್ನೇ. ಮೇಣದ ಜಾತಿಯ ವಸ್ತುವೊಂದನ್ನು ಹನಿಹನಿಯಾಗಿ ನೀರಿನ ಮೇಲೆ ಬಿಟ್ಟರೆ ಅದು ಒಂದೇ ಅಣುವಿನ ದಪ್ಪಕ್ಕೆ ಹರಡಿಕೊಳ್ಳುತ್ತದೆ. ಆ ಅಣುವಿನ ತಲೆಗೆ ನೀರೆಂದರೆ ಪ್ರಾಣ, ಬಾಲಕ್ಕೆ ನೀರು ಕಂಡರಾಗದು. ಹಾಗಾಗಿ ತಲೆಯನ್ನು ನೀರಿಗಿಟ್ಟು ಬಾಲ ಮೇಲೆತ್ತಿ ನಿಲ್ಲುತ್ತದೆ. ಎರಡು ಕಡೆಯಿಂದ ಪಟ್ಟಿ ಸರಿಸಿ ಒತ್ತಿದರೆ, ಕಂಡಕ್ಟರ್ ಒಳಗೆ ಒಳಗೆ ಎಂದು ತಳ್ಳಿದ ಜನದ ಹಾಗೆ ಅಣುಗಳೆಲ್ಲ ಒತ್ತೊತ್ತಾಗಿ ನೆಟ್ಟಗಾಗುತ್ತವೆ. ಆದರೆ ಬಸ್ಸಿನ ಜನದ ಹಾಗೆಯೇ ಒಂದು ಗುಂಪು ಎಡಕ್ಕೆ ವಾಲಿದರೆ ಇನ್ನೊಂದು ಬಲಕ್ಕೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಡೆದ ಹೆಂಚಿನ ಚೂರುಗಳನ್ನು ಜೋಡಿಸಿಟ್ಟ ಹಾಗಿರುತ್ತದೆ. ಲೋಕದ ಎಲ್ಲ ಲ್ಯಾಬುಗಳ ಕಥೆಯೂ ಇದೇ. ಡಾಕ್ಟರಮ್ಮನ ಲ್ಯಾಬಿನಲ್ಲಿ ಮಾತ್ರ ಏಳು ವರ್ಷದ ಹಿಂದೆ ಒಂದು ಬೆಳಿಗ್ಗೆ ಚೂರುಗಳೆಲ್ಲ ಕೂಡಿಕೊಂಡು, ಅಂಗೈಯಗಲದ ಪದರ ಒಂದೇ ಗಾಜಿನ ಹಾಳೆಯ ಹಾಗೆ ನಿಂತಿತು. ಮರುದಿನವೂ ನಿಂತಿತು. ಅದರ ಮೇಲೆ ಬರೆದ ಲೇಖನದಿಂದಲೇ ಅವರಿಗೆ ಹೆಸರು ಬಂದದ್ದು.

ಇದಕ್ಕೆಲ್ಲ ಕಾರಣ ನಿಶ್ಚಲತೆ ಎಂದು ಡಾಕ್ಟರಮ್ಮ ನಂಬಿದ್ದರು, ಲೇಖನದಲ್ಲಿ ಬರೆದೂ ಇದ್ದರು. ನೀರು ಕೂದಲೆಳೆಯಷ್ಟೂ ಅಲುಗಬಾರದು. ಅದಕ್ಕೆಂದೇ ಕೆಂಡಣ್ಣ ಕಲ್ಲಿನ ಚಪ್ಪಡಿಯೊಂದನ್ನು ಗಾಳಿ ತುಂಬಿದ ಸ್ಕೂಟರ್ ಟ್ಯೂಬುಗಳ ಮೇಲೆ ಕೂರಿಸಿ ಮೇಜು ಮಾಡಿದ್ದ. ನೀರಿನ ತೊಟ್ಟಿ ಅದರ ಮೇಲೆ. ಪಟ್ಟಿಗಳು ಸರಿಯುವ ನಲವತ್ತು ನಿಮಿಷ ಕಾರಿಡಾರಿನಲ್ಲಿ ಯಾರೂ ಜೋರಾಗಿ ನಡೆಯುವಂತಿಲ್ಲ. ನಡೆದವರ ಜನ್ಮ ಜಾಲಾಡಿಸುವ ಕೆಲಸ ಕೆಂಡಣ್ಣನದು. ಮೇಲಿನ ಮಹಡಿಯ ಗಣಿತದವರು ಅವನಿಗೆ ಹೆದರಿ ಅಷ್ಟು ಹೊತ್ತೂ ಚಪ್ಪಲಿ ಕೈಯಲ್ಲಿ ಹಿಡಿದು ಓಡಾಡುತ್ತಿದ್ದರು. ಡಾಕ್ಟರಮ್ಮ ಬೆಳಕು ಬೀಳದಂತೆ ಕಪ್ಪು ಪರದೆಯ ಒಳಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿರುತ್ತಿದ್ದರು. ಪರದೆಯ ಹೊರಗೆ ಕೆಂಡಣ್ಣ ಸ್ಟೂಲಿನ ಮೇಲೆ ಕೂತು ಅರ್ಧ ನಿಮಿಷಕ್ಕೊಮ್ಮೆ ಪದರದ ಒತ್ತಡ ತೋರಿಸುವ ಮೀಟರಿನ ಅಂಕಿಯನ್ನು ರಿಜಿಸ್ಟರಿಗೆ ಬರೆಯುತ್ತಿದ್ದ. ಏಳು ವರ್ಷದ ಹಿಂದೆ ಬಂದ ಆ ಮೀಟರಿನ ವೈರು ಗೇಣುದ್ದ. ಉದ್ದದ ವೈರು ಕಳಿಸಿ ಎಂದು ಆಫೀಸಿಗೆ ಬರೆದ ಪತ್ರಕ್ಕೆ ಇವತ್ತಿಗೂ ಉತ್ತರವಿಲ್ಲ. ಹಾಗಾಗಿ ಸ್ಟೂಲನ್ನು ಚಪ್ಪಡಿಗೆ ಒತ್ತಿ ಹಾಕಿಕೊಂಡು, ಬಲ ಮೊಣಕಾಲನ್ನು ಕಲ್ಲಿನ ಅಂಚಿಗೆ ತಾಗಿಸಿಯೇ ಕೂರಬೇಕಿತ್ತು.

ಆ ಬಲಗಾಲು ಕೂತಲ್ಲಿ ಸುಮ್ಮನಿರುವ ಕಾಲಲ್ಲ. ಸಿಟ್ಟು ಬಾಯಿಂದ ಹೊರಡಲು ಆಗದಿದ್ದಾಗ ಕಾಲಿಗಿಳಿಯುತ್ತಿತ್ತು. ಹಿಮ್ಮಡಿ ನೆಲ ಬಿಟ್ಟು, ಹೊಲಿಗೆ ಯಂತ್ರದ ಸೂಜಿಯ ಹಾಗೆ ಸಣ್ಣಗೆ ಬಿರುಸಾಗಿ ಕುಣಿಯುತ್ತಿತ್ತು. ಚಿಕ್ಕಂದಿನಲ್ಲಿ ಅವನ ಅವ್ವ ಆ ಮೊಣಕಾಲಿನ ಮೇಲೆ ಎಷ್ಟು ಬಾರಿಸಿದ್ದಳೋ. ಈಗ ಹೆಂಡತಿ ಸರದಿ. ಊಟಕ್ಕೆ ಕೂತರೆ ಲೋಟದ ನೀರು ನಡುಗುತ್ತದೆ ಎಂದು ಅವಳು ಅವನನ್ನು ಬೇರೆ ಕೂರಿಸಿದ್ದಳು.

ಸಿಟ್ಟುಗಳ ರಾಶಿಯಲ್ಲಿ ಒಂದು ಸಿಟ್ಟು ಮಾತ್ರ ಅವನು ಯಾರಿಗೂ ಹೇಳದ್ದು. ಡಾಕ್ಟರಮ್ಮನ ಲೇಖನ ಅಚ್ಚಾಗಿ ಬಂದಾಗಲೆಲ್ಲ ಎಲ್ಲರೂ ಮೊದಲ ಪುಟ ನೋಡಿದರೆ ಇವನು ಕೊನೆಯ ಪುಟ ತಿರುಗಿಸುತ್ತಿದ್ದ. ಅಲ್ಲಿ ಕೃತಜ್ಞತೆಗಳು. ಇಂಗ್ಲಿಷ್ ಓದಲು ತಡವರಿಸಿದರೂ ತನ್ನ ಹೆಸರಿನ ಆಕಾರ ಅವನಿಗೆ ಗೊತ್ತು. ಹದಿನೆಂಟು ವರ್ಷದಲ್ಲಿ ಅಲ್ಲಿ ಸಹೋದ್ಯೋಗಿಗಳು ಬಂದರು, ಸಮಿತಿಗಳು ಬಂದವು, ಒಮ್ಮೆ ನೀರು ಸರಬರಾಜು ವಿಭಾಗವೂ ಬಂತು. ಆ ಆಕಾರ ಮಾತ್ರ ಬರಲಿಲ್ಲ. ಕೇಳಿ ಪಡೆದರೆ ಅದೆಂಥ ಕೃತಜ್ಞತೆ ಎಂದು ಬಾಯಿ ಮುಚ್ಚಿಕೊಂಡು ಸ್ಟೂಲಿನ ಮೇಲೆ ಕೂರುತ್ತಿದ್ದ. ಕಾಲು ಕುಣಿಯುತ್ತಿತ್ತು.

ಹೀಗಿರುವಾಗ ಬೇರೊಂದು ವಿಶ್ವವಿದ್ಯಾಲಯದ ಪ್ರೊಫೆಸರರೊಬ್ಬರು ಆ ಲೇಖನ ಅಚ್ಚಾಗಿದ್ದ ಪತ್ರಿಕೆಗೆ ದೂರು ಬರೆದರು. ಫೋಟೋದಲ್ಲಿ ಅವರ ಟೈ ಗಂಟು ಗಂಟಲಿಗಿಂತ ದಪ್ಪವಾಗಿ ಕಂಡಿದ್ದರಿಂದ ಲ್ಯಾಬಿನವರು ಅವರಿಗೆ ಟೈ ಎಂದೇ ಹೆಸರಿಟ್ಟರು. ಏಳು ವರ್ಷದಿಂದ ಪ್ರಯತ್ನಿಸುತ್ತಿದ್ದೇವೆ, ನಮಗೆ ಚೂರುಗಳೇ ಬರುತ್ತಿವೆ, ಆ ಹಾಳೆ ಆ ಒಂದು ಕೋಣೆಯಲ್ಲಿ ಮಾತ್ರ ಹೇಗೆ ಬರುತ್ತದೆ ಎಂಬುದು ಟೈ ಅವರ ಪ್ರಶ್ನೆ. ಮೂವರು ಪರೀಕ್ಷಕರ ಕಣ್ಣೆದುರು ಮಾಡಿ ತೋರಿಸಿ, ಇಲ್ಲವಾದರೆ ಲೇಖನ ಹಿಂತೆಗೆದುಕೊಳ್ಳಿ ಎಂದು ಪತ್ರಿಕೆಯವರು ದಿನ ಗೊತ್ತು ಮಾಡಿದರು. ಮೂರು ವಾರದ ಆಚೆಯ ಗುರುವಾರ. ಡಾಕ್ಟರಮ್ಮನ ನಿವೃತ್ತಿಗೆ ಉಳಿದಿದ್ದುದು ನಾಲ್ಕು ತಿಂಗಳು. ಹಾಳೆ ಬಾರದಿದ್ದರೆ ಮೂವತ್ತೊಂದು ವರ್ಷದ ಬದುಕಿಗೆ ಸುಳ್ಳುಗಾತಿ ಎಂಬ ಹಣೆಪಟ್ಟಿ ಕಟ್ಟಿಕೊಂಡು ಮನೆಗೆ ಹೋಗಬೇಕು. ಆದರೂ ಅವರು ಹೆದರಲಿಲ್ಲ. ಮಾಡಿ ತೋರಿಸೋಣ, ದಿನಾ ಮಾಡೋದೇ ತಾನೆ ಎಂದರು.

ಅದೇ ವಾರ ಕೆಂಡಣ್ಣನ ಮಗಳಿಗೆ ಹೆಣ್ಣು ಮಗುವಾಯಿತು.

ಆ ಮಗು ಏನು ಮಾಡಿತೋ. ಅಜ್ಜನ ಕಿರುಬೆರಳನ್ನು ಒಮ್ಮೆ ಹಿಡಿದುಕೊಂಡಿತಂತೆ, ಅಷ್ಟೇ. ಮರುದಿನ ಕೆಂಡಣ್ಣ ಬೀಗ ತೆಗೆದು, ಬೀಗವನ್ನು ಸವರಿ ಪಕ್ಕಕ್ಕಿಟ್ಟ. ಸ್ಕ್ರೂಡ್ರೈವರಿನಲ್ಲಿ ಚಹಾ ಕಲಕುತ್ತಿದ್ದ ಹುಡುಗನಿಗೆ, ಚಮಚ ಕೊಡ್ಲಾ ಮರಿ ಎಂದ. ಹುಡುಗ ಲೋಟ ಕೆಳಗಿಟ್ಟು ಹೊರಗೆ ಹೋಗಿ, ಅಣ್ಣನಿಗೆ ಹುಷಾರಿಲ್ಲ ಎಂದು ಉಳಿದವರಿಗೆ ಹೇಳಿದ. ಸುತ್ತೋಲೆ ಬಂದರೆ ಓದಿ ಮಡಿಸಿ ಜೇಬಿಗಿಟ್ಟುಕೊಂಡ. ಸ್ಟೂಲಿನ ಮೇಲೆ ಕೂತು ಮಗುವಿನ ಮೂಗು ಯಾರ ಥರ ಎಂದು ಯೋಚಿಸುತ್ತ ಮುತ್ತು ಪೋಣಿಸಿದ ಹಾಗೆ ಅಂಕಿ ಬರೆದ.

ಪರದೆಯ ಒಳಗೆ ಡಾಕ್ಟರಮ್ಮ ನೋಡಿದರೆ ಚೂರುಗಳು.

ನೀರು ಬದಲಿಸಿದರು, ಮೇಣ ಬದಲಿಸಿದರು, ತೊಟ್ಟಿಯನ್ನು ಏಳು ಸಲ ತೊಳೆಸಿದರು. ಚೂರುಗಳೇ. ಗಣಿತದವರಿಗೆ ಎರಡು ದಿನ ರಜೆ ಹಾಕಿ ಎಂದು ಕೈಮುಗಿದರು. ಮತ್ತೂ ಚೂರುಗಳು. ಎರಡು ವಾರ ಹೀಗೇ ನಡೆದು ಡಾಕ್ಟರಮ್ಮನ ಮುಖ ಒಣಗಿದ ಸುಣ್ಣದ ಹಾಗಾಯಿತು. ಆ ಮುಖ ನೋಡಿ ಕೆಂಡಣ್ಣ ಚಹಾ ತಂದು ಮುಂದಿಡುತ್ತಿದ್ದನೇ ಹೊರತು ಅವನಿಗೆ ಸಿಟ್ಟು ಬರಲಿಲ್ಲ. ಯಾರ ಮೇಲೆಂದು ಬರಬೇಕು?

ಭಾನುವಾರ ಮಧ್ಯಾಹ್ನ ಮಗಳು ಮಗುವನ್ನು ತಂದು ಅಪ್ಪನ ಎಡತೊಡೆಯ ಮೇಲೆ ಹಾಕಿ ಮಲಗಿಸಪ್ಪಾ ಎಂದು ಹೇಳಿ ಒಳಗೆ ಹೋದಳು. ಅವನ ಹೆಂಡತಿ ಅಂಗಡಿಯೊಂದಕ್ಕೆ ಮಣಿಸರ ಪೋಣಿಸಿಕೊಡುವವಳು. ಖಾಲಿ ಇದೆಯಲ್ಲ ಎಂದು ಮಣಿಯ ತಟ್ಟೆಯನ್ನು ಅವನ ಬಲಮೊಣಕಾಲಿನ ಮೇಲಿಟ್ಟು, ದಾರಕ್ಕೆ ಗಂಟು ಹಾಕುತ್ತ ಲ್ಯಾಬಿನ ಸುದ್ದಿ ಕೇಳಿದಳು. ಅವನು ಹೇಳಿದ. ಅವಳು ಹಲ್ಲಿನಿಂದ ದಾರ ಕಡಿದು ಸುಮ್ಮನೆ ಕೇಳಿದಳು:

"ಅಲ್ಲಾ ರೀ, ಆ ಪದರ ಹೋದ್ರೆ ಅವರ ಹೆಸರು ಹೋಗುತ್ತೆ, ಸರಿ. ನಿಮ್ಮದೇನು ಹೋಗುತ್ತೆ? ಅದರಲ್ಲಿ ನಿಮ್ಮ ಹೆಸರು ಎಲ್ಲಾದ್ರೂ ಇದೆಯಾ?"

ಉತ್ತರ ಕೊಟ್ಟದ್ದು ಕೆಂಡಣ್ಣನ ಕಾಲು. ಎರಡು ವಾರ ಸುಮ್ಮನಿದ್ದ ಹಿಮ್ಮಡಿ ಮೇಲೆದ್ದು ಸಣ್ಣಗೆ ಬಿರುಸಾಗಿ ಕುಣಿಯತೊಡಗಿತು. ಅರಚುತ್ತಿದ್ದ ಮಗು ಆ ನಡುಕಕ್ಕೆ ಕಣ್ಣು ಮುಚ್ಚಿತು. ಅದೋ ಶುರುವಾಯ್ತು, ತಟ್ಟೆ ಬೀಳುತ್ತೆ ಎಂದು ಹೆಂಡತಿ ಕೈ ಚಾಚಿದಳು. ಅವನು ಅವಳ ಕೈ ಹಿಡಿದು ನಿಲ್ಲಿಸಿದ. ತಟ್ಟೆಯಲ್ಲಿ ಅಡ್ಡಾದಿಡ್ಡಿ ಬಿದ್ದಿದ್ದ ಮಣಿಗಳು ಸರಸರ ಸರಿಯುತ್ತ, ಒಂದರ ಸಂದಿಗೆ ಒಂದು ಜಾರಿ, ಜೇನುಗೂಡಿನ ಹಾಗೆ ಸಾಲು ಹಿಡಿಯುತ್ತಿದ್ದವು. ಅಲ್ಲೊಂದು ಗುಂಪು ಇಲ್ಲೊಂದು ಗುಂಪು ಇದ್ದದ್ದು ನೋಡ ನೋಡುತ್ತ ಒಂದೇ ಹಾಸಾಯಿತು.

"ಅಯ್ಯೋ ನನ್ನ ಕಾಲೇ," ಎಂದ ಕೆಂಡಣ್ಣ.

ಸೋಮವಾರ ಬೆಳಿಗ್ಗೆ ಅವನು ಹೇಳಿದ್ದನ್ನು ಡಾಕ್ಟರಮ್ಮ ಮೊದಲು ನಂಬಲಿಲ್ಲ. ಮೂವತ್ತೊಂದು ವರ್ಷ ನಿಶ್ಚಲತೆಯ ಜಪ ಮಾಡಿದವರು ನಂಬುವುದಾದರೂ ಹೇಗೆ? ಆಮೇಲೆ ಏನೋ ಹೊಳೆದು ಏಳು ವರ್ಷದ ರಿಜಿಸ್ಟರುಗಳನ್ನು ನೆಲದ ಮೇಲೆ ಹರವಿಕೊಂಡು ಕೂತರು. ಹಾಳೆ ಬಂದ ದಿನಗಳಲ್ಲೆಲ್ಲ ಕೆಂಡಣ್ಣನ ಅಂಕಿಗಳು ಎತ್ತಿನಗಾಡಿಯಲ್ಲಿ ಕೂತು ಬರೆದ ಹಾಗೆ ಸೊಟ್ಟಸೊಟ್ಟ. ನಡುವೆ ಅಪರೂಪಕ್ಕೆ ಚೂರು ಬಂದ ಹನ್ನೊಂದು ದಿನಗಳಿದ್ದವು. ಆ ಹನ್ನೊಂದರಲ್ಲೂ ಅಕ್ಷರ ದುಂಡಗಿತ್ತು. ಒಂದು ದಿನ ಮಗಳ ಮದುವೆ ನಿಶ್ಚಯವಾಗಿತ್ತು, ಇನ್ನೊಂದು ದಿನ ಆಫೀಸಿನ ಮ್ಯಾನೇಜರು ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದ. ಕಳೆದ ಎರಡು ವಾರದ ಪುಟಗಳನ್ನಂತೂ ಶಾಲೆಯಲ್ಲಿ ಗೋಡೆಗೆ ಅಂಟಿಸಬಹುದಿತ್ತು. ಡಾಕ್ಟರಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. ನಕ್ಕು ನಕ್ಕು ಕೊನೆಗೆ ಕಣ್ಣೊರೆಸಿಕೊಂಡರು. ಅಣುಗಳನ್ನು ಸುಮ್ಮನೆ ಒತ್ತಿದರೆ ಹಟ ಹಿಡಿದು ನಿಲ್ಲುತ್ತವೆ, ಸಣ್ಣಗೆ ಕುಲುಕಿದರೆ ಸರಿದುಕೊಂಡು ಜಾಗ ಮಾಡುತ್ತವೆ. ಇಷ್ಟೇ ವಿಷಯ. ಇದನ್ನು ತಿಳಿಯಲು ಗಣಿತದವರು ಏಳು ವರ್ಷ ಬರಿಗಾಲಲ್ಲಿ ನಡೆದಿದ್ದರು.

ಹಾಗಾದರೆ ಅಲ್ಲಾಡಿಸಿ ಎಂದರು. ಕೆಂಡಣ್ಣ ಕೂತು ಅಲ್ಲಾಡಿಸಿದ. ನೀರು ತುಳುಕಿ ಸೂಕ್ಷ್ಮದರ್ಶಕಕ್ಕೆ ಸಿಡಿಯಿತು. ಮೆಲ್ಲಗೆ ಎಂದರು. ಮೆಲ್ಲಗೆ ಮಾಡಿದರೆ ಏನೂ ಇಲ್ಲ. ಹೇಳಿ ಮಾಡಿಸಿದ ನಗುವಿನ ಹಾಗೆ, ಹೇಳಿ ಮಾಡಿಸಿದ ನಡುಕವೂ ಸುಳ್ಳೇ. ಸಿಟ್ಟೇ ಬರಬೇಕಿತ್ತು. ಗುರುವಾರಕ್ಕೆ ಉಳಿದಿದ್ದುದು ಮೂರು ದಿನ.

ಹುಡುಗರು ಆ ಕೆಲಸ ವಹಿಸಿಕೊಂಡರು. ಒಬ್ಬ ಸ್ಪ್ಯಾನರನ್ನು ಸಿಂಕಿಗೆ ಎಸೆದ. ಇನ್ನೊಬ್ಬ ಬಂದು, ಅಣ್ಣಾ ನಿಮ್ಮ ಮೇಜಿಗೆ ಸೌಂದರ್ಯವೇ ಇಲ್ಲ ಎಂದ. ಕೆಂಡಣ್ಣ ಅವನ ತಲೆ ಸವರಿದ. ಡಾಕ್ಟರಮ್ಮನೂ ಪ್ರಯತ್ನಿಸಿದರು. ಆದರೆ ಅವರ ಬೈಗುಳ, "ದಯವಿಟ್ಟು ತಪ್ಪು ತಿಳೀಬೇಡಿ, ನಿಮ್ಮ ಕೆಲಸ ಸ್ವಲ್ಪ ಸಾಧಾರಣ" ಎಂಬಲ್ಲಿಗೆ ಸುಸ್ತಾಯಿತು. ಭಾನುವಾರ ಹೆಂಡತಿ ಅಂದದ್ದೇನು ಎಂದು ಕೇಳಿದರು. ಅದು ಮನೆ ವಿಷಯ ಬಿಡಿ ಅಮ್ಮಾ ಎಂದು ಮುಖ ತಿರುಗಿಸಿದ. ಅಷ್ಟರಲ್ಲಿ ಫೋನು ರಿಂಗಾಯಿತು. ಕೆಂಡಣ್ಣ ಇದಾರಾ ಎಂಬ ದನಿ ಕೇಳಿ ಡಾಕ್ಟರಮ್ಮ ಫೋನನ್ನು ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದಾಗ ಅವರ ಮುಖ ಕೆಂಪಾಗಿತ್ತು. ಆ ದಿನ ಮತ್ತೆ ಅವನ ಜೊತೆ ಮಾತಾಡಲಿಲ್ಲ.

ಗುರುವಾರ ಹತ್ತಕ್ಕೆ ಪರೀಕ್ಷಕರು ಬಂದರು. ಒಬ್ಬರು ಟೈ, ಒಬ್ಬರು ಪ್ರತಿ ಮಾತನ್ನೂ ಬರೆದುಕೊಳ್ಳುವ ಹೆಂಗಸು, ಇನ್ನೊಬ್ಬರು ಆಕಳಿಸುವ ಮುದುಕರು. ಮೊದಲು ನೋಡಿ, ಕಾರಣ ಆಮೇಲೆ ಹೇಳುತ್ತೇನೆ ಎಂದು ಡಾಕ್ಟರಮ್ಮ ಹನಿ ಬಿಟ್ಟು ಪಟ್ಟಿಗಳನ್ನು ಚಾಲೂ ಮಾಡಿದರು. ಕೆಂಡಣ್ಣ ಸ್ಟೂಲಿನ ಮೇಲೆ ಕೂತ. ಸಿಟ್ಟಾಗಬೇಕೆಂದು ಹಲ್ಲು ಕಚ್ಚಿದ. ಕಣ್ಣೆದುರು ಬಂದದ್ದು ಮಗುವಿನ ಬೊಚ್ಚುಬಾಯಿ. ಆಫೀಸನ್ನು ನೆನೆದ, ವೈರನ್ನು ನೆನೆದ. ಕಾಲು ಕಂಬದ ಹಾಗೆ ನಿಂತಿತ್ತು. ಹತ್ತು ನಿಮಿಷ ಕಳೆಯಿತು. ಟೈ ಪರದೆಯೊಳಗೆ ತಲೆ ಹಾಕಿ ನೋಡಿ, ಚೂರುಗಳು ಎಂದರು. ಹೆಂಗಸು ಬರೆದುಕೊಂಡರು. ತನ್ನ ಒಂದು ಕಾಲಿನ ಸುಖದಿಂದ ಒಂದು ಬದುಕು ಮುಳುಗುತ್ತಿದೆ ಎಂದು ಕೆಂಡಣ್ಣನಿಗೆ ಅಳು ಬಂದಂತಾಯಿತು.

ಹೊರಬಂದ ಟೈ ಅವನ ಕಡೆ ಗದ್ದವೆತ್ತಿ ತೋರಿಸಿ, ಇವರು ಯಾರು, ಲೇಖನದಲ್ಲಿ ಇವರ ಪ್ರಸ್ತಾಪವೇ ಇಲ್ಲವಲ್ಲ ಎಂದು ಕೇಳಿದರು.

ಡಾಕ್ಟರಮ್ಮ ಕೆಂಡಣ್ಣನನ್ನು ನೋಡಲಿಲ್ಲ. ಕನ್ನಡಕ ಒರೆಸುತ್ತ ಹೇಳಿದರು: "ಅವರಾ? ಯಾರೂ ಅಲ್ಲ. ಸ್ಟೂಲಿನ ಜೊತೆ ಬಂದವರು. ಹೆಸರು ಬರ್ಕೊಳ್ಳೋ ಅಗತ್ಯ ಇಲ್ಲ."

ಕೆಂಡಣ್ಣನಿಗೆ ಮೊದಲು ಕಿವಿ ಬಿಸಿಯಾಯಿತು, ಆಮೇಲೆ ಕುತ್ತಿಗೆ, ಆಮೇಲೆ ಮೈಯೆಲ್ಲ. ಹದಿನೆಂಟು ವರ್ಷ. ಈ ತೊಟ್ಟಿ ಉಜ್ಜಿದ್ದು ಯಾರು, ಈ ಪಟ್ಟಿ ಕೊರೆದದ್ದು ಯಾರು, ಟ್ಯೂಬಿಗೆ ಪಂಪು ಒತ್ತಿ ಗಾಳಿ ತುಂಬಿದ್ದು ಯಾರು. ನೀರು ಸರಬರಾಜಿನವರಿಗೆ ಸಿಕ್ಕ ಮರ್ಯಾದೆ ತನಗಿಲ್ಲ. ಎದ್ದು ಹೋಗಬೇಕೆನ್ನಿಸಿತು. ಆದರೆ ಅರ್ಧ ನಿಮಿಷಕ್ಕೊಮ್ಮೆ ಅಂಕಿ ಬರೆಯಬೇಕಿತ್ತು, ಬರೆಯದೆ ಏಳುವ ಜಾತಿಯವನಲ್ಲ ಅವನು. ಬರೆದ. ಪೆನ್ನು ಹಾಳೆಯನ್ನು ತೂತು ಮಾಡಿತು. ಅಂಕಿಗಳು ಕುಣಿದವು. ಮೂವತ್ತು ನಿಮಿಷ ಅವನು ತಲೆಯೆತ್ತಲಿಲ್ಲ.

ಪಟ್ಟಿಗಳು ನಿಂತವು. ಟೈ ಪರದೆಯೊಳಗೆ ಹೋದವರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಮುದುಕರು ಹೋದರು, ಅವರ ಆಕಳಿಕೆ ಅರ್ಧಕ್ಕೇ ನಿಂತಿತು. ಅಂಗೈಯಗಲ, ಒಂದೇ ಹಾಳೆ. ಆಗ ಡಾಕ್ಟರಮ್ಮ ಕಾರಣ ಹೇಳಿ ಕೆಂಡಣ್ಣನ ಮೊಣಕಾಲಿನತ್ತ ಕೈ ತೋರಿಸಿದರು. ಟೈ ಪ್ಯಾಂಟನ್ನು ಮೇಲಕ್ಕೆಳೆದುಕೊಂಡು ನೆಲಕ್ಕೆ ಮಂಡಿಯೂರಿ, ಚಪ್ಪಡಿಯ ಅಡಿಗೆ ತಲೆ ಹಾಕಿ, ಇನ್ನೂ ಕುಣಿಯುತ್ತಿದ್ದ ಆ ಕಾಲನ್ನು ಎರಡು ಬೆರಳಿನಿಂದ ಮುಟ್ಟಿ ನೋಡಿದರು. ಕೊರಳಿನ ಟೈ ನೆಲ ಒರೆಸುತ್ತಿತ್ತು. ಸೆಕೆಂಡಿಗೆ ಎಷ್ಟು ಸಲ ಎಂದು ಕೆಳಗಿನಿಂದಲೇ ಕೇಳಿದರು. ಹೆಂಗಸು ಬರೆದುಕೊಳ್ಳುವುದನ್ನು ಮರೆತು ನಿಂತಿದ್ದರು.

ಕೆಂಡಣ್ಣ ಕಾಲು ಬಿಡಿಸಿಕೊಂಡು, ಪೆನ್ನಿನ ಮುಚ್ಚಳ ಹಾಕಿ, ಹೊರನಡೆದ. ಕಾರಿಡಾರಿನ ಕೊನೆಯಲ್ಲಿ ಡಾಕ್ಟರಮ್ಮ ಏದುಸಿರು ಬಿಡುತ್ತ ಅವನನ್ನು ಹಿಡಿದು, ಟೈಪಾದ ನಾಲ್ಕು ಹಾಳೆಗಳನ್ನು ಕೈಗಿಟ್ಟರು. ಅವನು ಅಭ್ಯಾಸಬಲದಿಂದ ಕೊನೆಯ ಪುಟ ತಿರುಗಿಸಿದ.

"ಅಲ್ಲಲ್ಲ. ಮೊದಲನೇ ಪುಟ ನೋಡಿ," ಎಂದರು.

ಮೊದಲ ಪುಟದ ತಲೆಬರಹದ ಕೆಳಗೆ ಡಾಕ್ಟರಮ್ಮನ ಹೆಸರಿತ್ತು. ಅದರ ಪಕ್ಕದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ, ಆ ಆಕಾರ.

"ಸೋಮವಾರವೇ ಟೈಪ್ ಮಾಡಿಸಿದೆ. ನಿಮ್ಮ ಹೆಂಡತಿ ಎಲ್ಲಾ ಹೇಳಿದ್ರು. ಹದಿನೆಂಟು ವರ್ಷ ನನಗೆ ಹೊಳೀಲಿಲ್ಲ, ನಾಚಿಕೆ ಆಗುತ್ತೆ. ಅವತ್ತೇ ತೋರಿಸಿದ್ರೆ ನೀವು ಖುಷಿಯಾಗಿಬಿಡ್ತಿದ್ರಿ. ನೀವು ಖುಷಿಯಾದ್ರೆ ನಾನು ಮುಳುಗ್ತಿದ್ದೆ."

"ಹಂಗಾದ್ರೆ ಸ್ಟೂಲಿನ ಜೊತೆ ಬಂದೋನು ಅಂದಿದ್ದು?"

"ಮೂರು ದಿನ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದೆ."

ಕೆಂಡಣ್ಣನಿಗೆ ಸಿಟ್ಟಾಗಬೇಕೋ ನಗಬೇಕೋ ತಿಳಿಯಲಿಲ್ಲ. ಬಲಗಾಲು ಎರಡು ಸಲ ಅಲುಗಿ, ಯಾವ ಕಡೆ ಹೋಗಲಿ ಎಂದು ಕೇಳುವ ಹಾಗೆ ನಿಂತುಬಿಟ್ಟಿತು.

ಹೆಸರು ಅಚ್ಚಾದ ಮೇಲೆ ಕಾಲು ಪೂರ್ತಿ ಮಲಗಿತು. ಅದಕ್ಕೆ ಬದಲಾಗಿ ಕೆಂಡಣ್ಣ ಒಂದು ಪುಟ್ಟ ಮೋಟಾರಿಗೆ ರಬ್ಬರಿನ ತುಂಡು ಸಿಕ್ಕಿಸಿ ಚಪ್ಪಡಿಗೆ ತಾಗಿಸಿದ. ಒಂದೇ ಸಮ ಓಡಿಸಿದರೆ ಚೂರುಗಳು ಅರ್ಧಂಬರ್ಧ ಕೂಡಿದವು. ಅವನು ಎರಡು ದಿನ ಯೋಚಿಸಿ, ಸಿಟ್ಟು ಒಂದೇ ಸಮ ಇರಲ್ಲ ಅಮ್ಮಾ, ಭಗ್ಗಂತ ಏರಿ ಆಮೇಲೆ ಸಣ್ಣಗೆ ಇಳಿಯುತ್ತೆ ಎಂದು ಹೇಳಿ, ವೇಗ ಇಳಿಸುವ ಗುಂಡಿ ಹಾಕಿದ. ಕಣ್ಣು ಮುಚ್ಚಿಕೊಂಡು ತನ್ನ ಹಳೆಯ ಸಿಟ್ಟುಗಳನ್ನು ನೆನೆಯುತ್ತ ನಲವತ್ತು ನಿಮಿಷ ಅದನ್ನು ಇಷ್ಟಿಷ್ಟೇ ತಿರುಗಿಸಿದ. ಹಾಳೆ ಬಂತು.

ತಿಂಗಳಾದ ಮೇಲೆ ಟೈ ಅವರಿಂದ ಕಾಗದ ಬಂತು. ನೀವು ಬರೆದಂತೆ ಮೋಟಾರು ಕೂರಿಸಿದ್ದೇವೆ, ಗುಂಡಿಯನ್ನೂ ಇಳಿಸುತ್ತಿದ್ದೇವೆ, ಆದರೂ ಚೂರುಗಳು. ನಿಮ್ಮ ಸಹಲೇಖಕರನ್ನು ಒಂದು ವಾರದ ಮಟ್ಟಿಗೆ ಕಳಿಸಿಕೊಡಿ. ಡಾಕ್ಟರಮ್ಮ ಓದಿ ಹೇಳಿದರು. ಕೆಂಡಣ್ಣ ರಿಜಿಸ್ಟರಿಗೆ ಗೆರೆ ಎಳೆಯುತ್ತಿದ್ದವನು ತಲೆಯೆತ್ತಿದ.

"ಅಲ್ಲಿ ಮೋಟಾರು ಕೂರಿಸಿದ್ದು ಯಾರು ಅಂತ ಕೇಳಿ. ಯಾಕೆ ಆಗ್ತಿಲ್ಲ ಅನ್ನೋದು ಅವನಿಗೆ ಗೊತ್ತಿರುತ್ತೆ. ಯಾರೂ ಅವನನ್ನ ಕೇಳಿರಲ್ಲ, ಅಷ್ಟೇ. ಹೆಸರು ಹಿಡಿದು ಕರೆದು ಕೇಳ್ಬೇಕು ಅಂತ ಬರೀರಿ."

ಬರೆದರು. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಒಂದೇ ಸಾಲು ಬಂತು. ಡಾಕ್ಟರಮ್ಮ ಅದನ್ನು ಗಟ್ಟಿಯಾಗಿ ಓದಿದರು: ಅದು ನಮ್ಮ ಟೆಕ್ನಿಷಿಯನ್, ಹದಿನೈದು ವರ್ಷದಿಂದ ಇದ್ದಾರೆ, ಅವರ ಹೆಸರೇನೆಂದು ವಿಚಾರಿಸುತ್ತಿದ್ದೇವೆ.

ಸ್ಟೂಲಿನ ಕೆಳಗೆ ಕೆಂಡಣ್ಣನ ಬಲ ಹಿಮ್ಮಡಿ ಮೆಲ್ಲನೆ ನೆಲ ಬಿಟ್ಟಿತು.

"ಹಾಗೇ ಇರಿ, ಏಳ್ಬೇಡಿ," ಎಂದು ಡಾಕ್ಟರಮ್ಮ ಮೋಟಾರನ್ನು ಪಕ್ಕಕ್ಕೆ ತಳ್ಳಿ, ಕಪ್ಪು ಪರದೆ ಎಳೆದುಕೊಂಡರು.